ಸಪ್ಲೈಯರ್ ಕೈಗೆ ಸ್ಟಾಕ್ ಒಪ್ಪಿಸುವ ಮೊದಲು: ವಿಎಂಐ ಶುರು ಮಾಡುವ ಸರಿಯಾದ ಕ್ರಮ

ಬೆಂಗಳೂರಿನ ಪೀಣ್ಯ, ಬೊಮ್ಮಸಂದ್ರ, ಜಿಗಣಿ ಕೈಗಾರಿಕಾ ಪ್ರದೇಶಗಳಿಂದ ಫೋನ್ ಮಾಡುವವರದ್ದು ಈಚೆಗೆ ಒಂದೇ ಮಾತು. ಅದು ವಿಎಂಐ ಬಗ್ಗೆ, ಅಂದರೆ ಸ್ಟಾಕ್ ತುಂಬಿಸುವ ಹೊಣೆಯನ್ನು ಸಪ್ಲೈಯರ್‌ಗೇ ಬಿಡುವ ಪದ್ಧತಿಯ ಬಗ್ಗೆ. "ಸಾರ್, ವಿಎಂಐ ಶುರು ಮಾಡಿದ್ವಿ, ಮೂರೇ ತಿಂಗಳಿಗೆ ನಿಂತುಹೋಯ್ತು. ಸ್ಟಾಕ್ ಮೊದಲಿಗಿಂತ ಜಾಸ್ತಿ ಆಗಿದೆ, ಆದ್ರೂ ಲೈನ್ ನಿಲ್ತಿದೆ." ಏನು ಮಾಡಿದಿರಿ ಎಂದು ಒಂದೊಂದಾಗಿ ಕೇಳುತ್ತಾ ಹೋದರೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ. ಕೆಲಸಗಳೆಲ್ಲ ಸರಿ ಇವೆ, ಕ್ರಮ ಹಿಂದುಮುಂದಾಗಿದೆ. ರ್ಯಾಕಿನ ಲೆಕ್ಕ ಸರಿ ಮಾಡುವ ಮೊದಲೇ ಒಪ್ಪಂದಕ್ಕೆ ಸಹಿ ಬಿದ್ದಿರುತ್ತದೆ.

ಹಾಗಾಗಿ ಈ ಬರಹದಲ್ಲಿ ಕ್ರಮವೇ ಮುಖ್ಯ. 500 ಜನರ ಕಾರ್ಖಾನೆಗೂ 12 ಜನರ ವರ್ಕ್‌ಶಾಪಿಗೂ ಹಂತಗಳು ಇವೇ. ಬೇರೆಯಾಗುವುದು ಬಳಸುವ ಸಾಧನ ಮಾತ್ರ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

ವಿಎಂಐ, ಅಂದರೆ ವೆಂಡರ್ ಮ್ಯಾನೇಜ್ಡ್ ಇನ್ವೆಂಟರಿಯಲ್ಲಿ ಏನು, ಎಷ್ಟು, ಯಾವಾಗ ಕಳಿಸಬೇಕು ಎಂದು ತೀರ್ಮಾನಿಸುವವರು ಸಪ್ಲೈಯರ್. ನೀವು ಪ್ರತಿ ಸಲ ಪಿಒ (ಖರೀದಿ ಆರ್ಡರ್) ಹಾಕುವುದಿಲ್ಲ. ಇವತ್ತಿನ ಸ್ಟಾಕ್ ಎಷ್ಟಿದೆ ಎಂದು ತೋರಿಸುತ್ತೀರಿ, ಕನಿಷ್ಠ ಮತ್ತು ಗರಿಷ್ಠ ಮಿತಿ ಹೇಳುತ್ತೀರಿ. ಉಳಿದದ್ದು ಅವರ ಜವಾಬ್ದಾರಿ.

ಕನ್‌ಸೈನ್‌ಮೆಂಟ್ ಬೇರೆ ವಿಷಯ. ಅಲ್ಲಿ ಮಾಲು ನಿಮ್ಮ ರ್ಯಾಕಿನಲ್ಲಿ ಕೂತಿದ್ದರೂ ಬಳಸುವವರೆಗೆ ಒಡೆತನ ಸಪ್ಲೈಯರದ್ದೇ. ವಿಎಂಐ ಮಾಡಲು ಕನ್‌ಸೈನ್‌ಮೆಂಟ್ ಬೇಕೇ ಬೇಕು ಅಂತಿಲ್ಲ. ಮಾಲು ಬಂದ ದಿನವೇ ಬಿಲ್ ಪಡೆದುಕೊಂಡೂ ವಿಎಂಐ ನಡೆಸಬಹುದು. ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಅದೇ. ಎರಡನ್ನೂ ಒಟ್ಟಿಗೆ ತಲೆ ಮೇಲೆ ಹಾಕಿಕೊಂಡರೆ ತಪ್ಪಾದಾಗ ಲೆಕ್ಕದ ತಪ್ಪೋ, ಒಪ್ಪಂದದ ತಪ್ಪೋ ಎಂದು ಗೊತ್ತೇ ಆಗುವುದಿಲ್ಲ.

ಕೈಯಲ್ಲಿ ಇರಬೇಕಾದದ್ದು

ಕಳೆದ ಆರು ತಿಂಗಳ ಇಶ್ಯೂ ದಾಖಲೆ (ಸ್ಟೋರ್ಸ್‌ನಿಂದ ಯಾವ ಸಾಮಾನು ಎಷ್ಟು ಹೊರಗೆ ಹೋಯಿತು ಎಂಬ ಲೆಕ್ಕ), ಸಾಮಾನು ಹಾಕಿಡಲು ಒಂದೇ ಅಳತೆಯ ಬಿನ್‌ಗಳು, ಬಿನ್‌ಗೆ ಅಂಟಿಸುವ ಲೇಬಲ್, ಚಿಕ್ಕ ಸಾಮಾನು ಎಣಿಸಲು ಒಂದು ಕೌಂಟಿಂಗ್ ತಕ್ಕಡಿ. ಇಷ್ಟೇ. ಸಾಫ್ಟ್‌ವೇರ್ ಆಮೇಲೆ. ಇವುಗಳ ಜೊತೆ ಎರಡೂ ಕಡೆ ಒಬ್ಬೊಬ್ಬ ಹೊಣೆಗಾರ ಬೇಕು. "ಪರ್ಚೇಸ್ ಡಿಪಾರ್ಟ್‌ಮೆಂಟ್ ನೋಡಿಕೊಳ್ಳುತ್ತೆ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ. ಹೆಸರು ಬರೆದಿಡಿ.

ಹಂತ 1: 20ರಿಂದ 30 ಐಟಂ ಮಾತ್ರ ಆರಿಸಿ

ದಿನಾ ಬಳಕೆಯಾಗುವ, ಡ್ರಾಯಿಂಗ್ ಬದಲಾಗದ, ಒಬ್ಬರೇ ಸಪ್ಲೈಯರ್ ಕೊಡುವ ಸಾಮಾನು ಒಳ್ಳೆಯ ಆಯ್ಕೆ. ಬೋಲ್ಟು ನಟ್ಟು ವಾಷರ್, ಕಾರ್ಬೈಡ್ ಇನ್ಸರ್ಟ್, ಕೈಗವಸು, ಕಟಿಂಗ್ ಆಯಿಲ್, ಪ್ಯಾಕಿಂಗ್ ಕಾರ್ಟನ್. ನಮ್ಮೂರಿನ ಮಷಿನ್ ಶಾಪ್‌ಗಳಲ್ಲಿ ಇವುಗಳಿಂದ ಶುರು ಮಾಡಿದವರೇ ಗೆದ್ದಿರುವುದನ್ನು ನಾನು ನೋಡಿದ್ದೇನೆ.

ದುಬಾರಿ ಐಟಂಗಳಿಂದ ಶುರು ಮಾಡಬೇಡಿ. ಫೈನಾನ್ಸ್‌ನವರು ಹಾಗೇ ಒತ್ತಾಯಿಸುತ್ತಾರೆ, ಹಣ ಅಲ್ಲೇ ಸಿಕ್ಕಿಕೊಂಡಿದೆಯಲ್ಲ ಎನ್ನುತ್ತಾರೆ. ನಿಜವೇ. ಆದರೆ ಮೊದಲ ಮೂರು ತಿಂಗಳು ನೀವು ತಪ್ಪು ಮಾಡಿಯೇ ಮಾಡುತ್ತೀರಿ. ಆ ತಪ್ಪು ಎರಡು ರೂಪಾಯಿಯ ವಾಷರ್‌ನಲ್ಲಿ ಆಗಲಿ.

ತಿಂಗಳುಗಟ್ಟಲೆ ಕಾಯಿಸುವ ಆಮದು ಚಿಪ್, ಆಗಾಗ ರಿವಿಷನ್ ಬದಲಾಗುವ ಕಾಸ್ಟಿಂಗ್, ಮೂರು ತಿಂಗಳಿಗೊಮ್ಮೆ ಮಾತ್ರ ಹೋಗುವ ಸ್ಪೇರ್ ಇವುಗಳನ್ನು ಈ ಪಟ್ಟಿಗೆ ಸೇರಿಸಬೇಡಿ.

ಹಂತ 2: ರ್ಯಾಕ್ ಎಣಿಸಿ, ನಿಜವಾಗಿ ಎಣಿಸಿ

ಎಲ್ಲರೂ ಹಾರಿಸುವ ಹಂತ ಇದು. ಹಾರಿಸಿದವರೆಲ್ಲ ಬಿದ್ದಿದ್ದಾರೆ.

ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಎಂ6 ಅಲೆನ್ ಬೋಲ್ಟ್ ಕಂಪ್ಯೂಟರಿನಲ್ಲಿ 4,200 ಇತ್ತು. ಸಪ್ಲೈಯರ್ ಅದನ್ನೇ ನೋಡಿ ಆ ವಾರ ಏನೂ ಕಳಿಸಲಿಲ್ಲ. ಗುರುವಾರ ಎರಡನೇ ಶಿಫ್ಟಿನಲ್ಲಿ ಅಸೆಂಬ್ಲಿ ನಿಂತಿತು. ಹೋಗಿ ನೋಡಿದರೆ ಬಿನ್‌ನಲ್ಲಿ ಒಂದು ಹಿಡಿ. ಉಳಿದದ್ದು ಎಲ್ಲಿ? ಒಂದಷ್ಟು ರೀವರ್ಕ್‌ಗೆ ಸ್ಲಿಪ್ ಇಲ್ಲದೆ ಹೋಗಿತ್ತು. ಉಳಿದ ಬಹುಪಾಲು ಆಪರೇಟರ್‌ಗಳ ಬೆಂಚಿನ ಕೆಳಗೆ, ಬಿಸ್ಕತ್ತಿನ ಡಬ್ಬಗಳಲ್ಲಿ ಇತ್ತು. ಅವರನ್ನು ಬೈದು ಪ್ರಯೋಜನವಿಲ್ಲ. ಹಿಂದೆ ಹತ್ತು ಸಲ ಸಾಮಾನು ಸಿಗದೆ ಕೈಕಟ್ಟಿ ಕೂತವರು, ಕೈಗೆ ಸಿಕ್ಕಾಗ ಎತ್ತಿಟ್ಟುಕೊಂಡಿದ್ದರು. ಅಷ್ಟೇ.

ಹೀಗೆ ಮಾಡಿ. ಒಂದು ಭಾನುವಾರ, ಮಷಿನ್ ನಿಂತಿರುವಾಗ, ಆರಿಸಿದ ಐಟಂಗಳನ್ನೆಲ್ಲ ಎಣಿಸಿ. ಬೆಂಚಿನ ಕೆಳಗಿನ ಡಬ್ಬ, ಟೂಲ್ ಬಾಕ್ಸ್, ಕ್ಯೂಸಿ ಟೇಬಲ್ ಯಾವುದನ್ನೂ ಬಿಡಬೇಡಿ. ಲೆಕ್ಕವನ್ನು ಟ್ಯಾಲಿಯಲ್ಲೋ ಇಆರ್‌ಪಿಯಲ್ಲೋ, ಅಂದರೆ ನೀವು ಲೆಕ್ಕ ಇಡುವ ಸಾಫ್ಟ್‌ವೇರಿನಲ್ಲಿ, ಸರಿಪಡಿಸಿ. ಆಮೇಲೆ ನಾಲ್ಕು ವಾರ, ವಾರಕ್ಕೊಮ್ಮೆ ಮತ್ತೆ ಎಣಿಸಿ. ಪುಸ್ತಕಕ್ಕೂ ರ್ಯಾಕಿಗೂ ಎಷ್ಟು ವ್ಯತ್ಯಾಸ ಎಂದು ಬರೆಯುತ್ತಾ ಹೋಗಿ. 100 ಐಟಂ ಎಣಿಸಿದರೆ ಕನಿಷ್ಠ 95 ಸರಿ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ಇದು ನಾನು ಇಟ್ಟುಕೊಂಡ ಗೆರೆ. ಇದಕ್ಕಿಂತ ಕೆಳಗಿನ ಲೆಕ್ಕವನ್ನು ನಂಬಿ ಯಾವ ಸಪ್ಲೈಯರೂ ಸರಿಯಾಗಿ ಕಳಿಸಲಾರರು.

ಹಂತ 3: ಹೆಸರು ಮತ್ತು ಯೂನಿಟ್ ಹೊಂದಿಸಿ

ನಿಮ್ಮ ಐಟಂ ಕೋಡ್ ಒಂದು, ಸಪ್ಲೈಯರ್ ಕೋಡ್ ಇನ್ನೊಂದು. ಎರಡನ್ನೂ ಅಕ್ಕಪಕ್ಕ ಬರೆದ ಒಂದು ಪಟ್ಟಿ ಬೇಕು. ಅದಕ್ಕಿಂತ ಮುಖ್ಯ ಯೂನಿಟ್. ನೀವು ಬೋಲ್ಟನ್ನು ಸಂಖ್ಯೆಯಲ್ಲಿ ಎಣಿಸುತ್ತೀರಿ, ಅವರು ಕೆಜಿಯಲ್ಲಿ ಮಾರುತ್ತಾರೆ. ಒಂದು ಕಡೆ ಕೈಗವಸು 40 ಬೇಕು ಎಂದು ಶೀಟಿನಲ್ಲಿತ್ತು. ನಮ್ಮ ಲೆಕ್ಕ ಜೊತೆ, ಅವರ ಲೆಕ್ಕ ಡಜನ್. 40 ಜೊತೆ ಬರಬೇಕಾದ ಕಡೆ 480 ಜೊತೆ ಬಂದು ಸ್ಟೋರ್ಸ್ ಬಾಗಿಲಲ್ಲಿ ಕೂತಿತ್ತು. ಪ್ರತಿ ಐಟಂ ಮುಂದೆ ಯೂನಿಟ್ ಮತ್ತು ಒಂದು ಪ್ಯಾಕಿನಲ್ಲಿ ಎಷ್ಟು ಎಂದು ಬರೆದರೆ ಇದು ಅಲ್ಲಿಗೇ ಮುಗಿಯುತ್ತದೆ.

ಹಂತ 4: ಕನಿಷ್ಠ, ಗರಿಷ್ಠ ಲೆಕ್ಕ ಹಾಕಿ

ಅಂದಾಜಿನ ಮೇಲೆ "ಒಂದು ತಿಂಗಳ ಸ್ಟಾಕ್ ಇರಲಿ" ಎನ್ನಬೇಡಿ. ಪ್ರತಿ ಐಟಂಗೂ ನಾಲ್ಕು ಸಂಖ್ಯೆ ಬೇಕು: ದಿನದ ಸರಾಸರಿ ಬಳಕೆ, ದಿನದ ಅತಿ ಹೆಚ್ಚು ಬಳಕೆ, ಮಾಲು ಬರಲು ಹಿಡಿಯುವ ಮಾಮೂಲಿ ದಿನ, ತಡವಾದರೆ ಹಿಡಿಯುವ ದಿನ.

ಅದೇ ಎಂ6 ಬೋಲ್ಟ್ ತೆಗೆದುಕೊಳ್ಳಿ. ಸರಾಸರಿ ಬಳಕೆ ದಿನಕ್ಕೆ 300, ಜೋರಿನ ದಿನ 420. ಮಾಲು ಬರಲು ಮಾಮೂಲಿ 3 ದಿನ, ತಡವಾದರೆ 5 ದಿನ. ಕೆಟ್ಟ ಪರಿಸ್ಥಿತಿಯಲ್ಲೂ ನಿಲ್ಲಬಾರದು ಎಂದರೆ ಕನಿಷ್ಠ ಮಿತಿ 420 ಗುಣಿಸು 5, ಅಂದರೆ 2,100. ಇದರಲ್ಲಿ ಮಾಮೂಲಿ ಬಳಕೆ 300 ಗುಣಿಸು 3, ಅಂದರೆ 900. ಉಳಿದ 1,200 ಸೇಫ್ಟಿ ಸ್ಟಾಕ್, ಅಂದರೆ ಏರುಪೇರಿಗೆಂದು ಇಟ್ಟ ಹೆಚ್ಚುವರಿ. ಆರು ದಿನಕ್ಕೊಮ್ಮೆ ಗಾಡಿ ಬರುವುದಾದರೆ ಅದರ ಮೇಲೆ 1,800 ಸೇರಿಸಿ, ಗರಿಷ್ಠ 3,900. ಬಾಕ್ಸಿಗೆ 500 ಇದ್ದರೆ 4,000 ಎಂದಿಡಿ.

ಇಲ್ಲೊಂದು ದೊಡ್ಡ ತಪ್ಪಾಗುತ್ತದೆ. ಮೇಲಿನ ಲೆಕ್ಕ ಸರಿಯಾಗುವುದು ಸಪ್ಲೈಯರ್ ದಿನಾ ಸ್ಟಾಕ್ ನೋಡುತ್ತಿದ್ದರೆ ಮಾತ್ರ. ಅವರ ಹುಡುಗ ವಾರಕ್ಕೊಮ್ಮೆ ಬಂದು ನೋಡಿಕೊಂಡು ಹೋಗುವುದಾದರೆ, ಅವನು ನೋಡಿದಾಗ 2,200 ಇದ್ದು "ಇನ್ನೂ ಇದೆಯಲ್ಲ" ಎಂದು ಹೋದ ಮೇಲೆ ಮುಂದಿನ ಆರು ದಿನ ಯಾರೂ ನೋಡುವುದಿಲ್ಲ. ಆಗ ಆ 6 ದಿನವನ್ನೂ ಸೇರಿಸಿ 11 ದಿನದ ಲೆಕ್ಕ ಹಾಕಬೇಕು. 420 ಗುಣಿಸು 11, ಅಂದರೆ 4,620. ಪ್ರತಿ ಸಲ ಬಂದಾಗ 5,000ಕ್ಕೆ ತುಂಬಿಸಬೇಕು. ದಿನಾ ಲೆಕ್ಕ ತೋರಿಸಿದರೆ 4,000 ಸಾಕಾಗುವ ಕಡೆ, ತೋರಿಸದಿದ್ದರೆ 5,000 ಇಡಬೇಕು. ಮಾಹಿತಿ ಕೊಡುವುದರಿಂದ ಏನು ಉಳಿಯುತ್ತದೆ ಎಂದು ಕೇಳುವ ಮಾಲೀಕರಿಗೆ ನಾನು ತೋರಿಸುವುದು ಈ ಸಾವಿರ ಬೋಲ್ಟನ್ನೇ.

ಈ ವಿಧಾನದಲ್ಲಿ ಸ್ಟಾಕ್ ಸ್ವಲ್ಪ ಜಾಸ್ತಿಯೇ ನಿಲ್ಲುತ್ತದೆ. ಅಗ್ಗದ ಸಾಮಾನಿಗೆ ಪರವಾಗಿಲ್ಲ. ದುಬಾರಿ ಇನ್ಸರ್ಟ್‌ಗಳಿಗೆ ಬಳಕೆಯ ಏರಿಳಿತದ ಲೆಕ್ಕ ಹಿಡಿದು ಸೇಫ್ಟಿ ಸ್ಟಾಕ್ ಕಡಿಮೆ ಮಾಡಬಹುದು. ಅದು ಎರಡನೇ ಸುತ್ತಿನ ಕೆಲಸ.

ದಾರಿಯಲ್ಲಿರುವ ಮಾಲನ್ನು ಲೆಕ್ಕದಲ್ಲಿ ಹಿಡಿಯಲು ಮರೆಯಬೇಡಿ. ಹೊರಟ ಮಾಲು ಶೀಟಿನಲ್ಲಿ ಕಾಣದಿದ್ದರೆ ಅದನ್ನೇ ಎರಡನೇ ಸಲ ಕಳಿಸುತ್ತಾರೆ. ಹಾಗೆಯೇ ಊರಿನ ಕ್ಯಾಲೆಂಡರ್ ಇಟ್ಟುಕೊಳ್ಳಿ. ಆಯುಧಪೂಜೆ, ದೀಪಾವಳಿಯ ವಾರ ನಿಮ್ಮ ಬಳಕೆಯೂ ಬೀಳುತ್ತದೆ, ಅವರ ಗೋಡೌನೂ ಮುಚ್ಚಿರುತ್ತದೆ, ಊರಿಗೆ ಹೋದ ಹುಡುಗರು ಹೇಳಿದ ದಿನಕ್ಕೆ ವಾಪಸ್ ಬರುವುದಿಲ್ಲ. ನಗರದೊಳಗೆ ದೊಡ್ಡ ಲಾರಿಗಳಿಗೆ ಹೊತ್ತಿನ ನಿರ್ಬಂಧವಿದೆ. ಹೊಸಕೋಟೆ ಗೋಡೌನಿನಿಂದ ಪೀಣ್ಯಕ್ಕೆ ಬರುವ ಮಾಲು ಬೆಳಗ್ಗೆ ಹೊತ್ತಿಗೆ ಹೊರಡದಿದ್ದರೆ ಒಂದು ದಿನ ಹೋಯಿತು ಎಂದೇ ಲೆಕ್ಕ. ಮಿತಿಗಳನ್ನು ಮೂರು ತಿಂಗಳಿಗೊಮ್ಮೆ, ಹಬ್ಬಕ್ಕೆ ಮೂರು ವಾರ ಮೊದಲು ಮತ್ತೊಮ್ಮೆ ನೋಡಿ.

ಹಂತ 5: ಲೆಕ್ಕ ತೋರಿಸುವ ದಾರಿ ಹಾಕಿ

ದೊಡ್ಡ ಕಂಪನಿಗಳಲ್ಲಿ ಇಆರ್‌ಪಿಗೆ ಜೋಡಿಸಿದ ಸಪ್ಲೈಯರ್ ಪೋರ್ಟಲ್ ಇರುತ್ತದೆ. ಸ್ಟಾಕ್, ಬಳಕೆ, ಮುಂದಿನ ವಾರಗಳ ಉತ್ಪಾದನಾ ಯೋಜನೆ ಮೂರನ್ನೂ ತೋರಿಸಿ. ಬರೀ ಸ್ಟಾಕ್ ತೋರಿಸಿ ಯೋಜನೆ ಬಚ್ಚಿಟ್ಟರೆ, ಆರ್ಡರ್ ದಿಢೀರ್ ದುಪ್ಪಟ್ಟಾದ ವಾರ ಸಪ್ಲೈಯರ್ ಕೈ ಚೆಲ್ಲುತ್ತಾರೆ. ಮಾಲು ಹೊರಟ ತಕ್ಷಣ ಅವರಿಂದ ಮುನ್ಸೂಚನೆ ಬರಬೇಕು. ಬಂದ ಮಾಲಿಗೆ ಜಿಆರ್‌ಎನ್ (ಮಾಲು ಸೇರಿತು ಎಂಬ ದಾಖಲೆ) ಅದೇ ದಿನ ಆಗಬೇಕು. ಮಾಲು ಗೇಟಿನಲ್ಲಿದ್ದು ಜಿಆರ್‌ಎನ್ ಎರಡು ದಿನ ತಡವಾದರೆ ಇಡೀ ಲೆಕ್ಕ ಸುಳ್ಳಾಗುತ್ತದೆ.

ಸಣ್ಣ ವರ್ಕ್‌ಶಾಪಿಗೆ ಇದ್ಯಾವುದೂ ಬೇಡ. ಎರಡು ಬಿನ್ ಪದ್ಧತಿ ಸಾಕು. ಒಂದೇ ಐಟಂಗೆ ಹಿಂದೆ ಮುಂದೆ ಎರಡು ಬಿನ್. ಮುಂದಿನದು ಖಾಲಿಯಾದರೆ ಅದನ್ನು ಕೆಂಪು ರ್ಯಾಕಿಗೆ ಹಾಕಿ, ಹಿಂದಿನದನ್ನು ಮುಂದೆ ಎಳೆದುಕೊಳ್ಳಿ. ಸಪ್ಲೈಯರ್ ಹುಡುಗ ಬಂದಾಗ ಕೆಂಪು ರ್ಯಾಕ್ ನೋಡಿದರೆ ಸಾಕು, ಎಣಿಸುವುದೇ ಬೇಡ. ಒಂದು ಬಿನ್ ಖಾಲಿಯಾದ ದಿನದಿಂದ ಅದು ತುಂಬಿ ವಾಪಸ್ ಬರುವ ದಿನದವರೆಗೆ ಇನ್ನೊಂದು ಬಿನ್ ಸಾಲಬೇಕು. ಬಿನ್ ಅಳತೆಗೆ ಇದೊಂದೇ ನಿಯಮ. ಸಂಜೆ ಶಿಫ್ಟ್ ಮುಗಿಯುವಾಗ ಕೆಂಪು ರ್ಯಾಕಿನ ಒಂದು ಫೋಟೋ ವಾಟ್ಸಾಪಿನಲ್ಲಿ ಕಳಿಸಿದರೆ ದಿನದ ಮಾಹಿತಿಯೂ ಆಯಿತು.

ಹಂತ 6: ಈಗ ಒಪ್ಪಂದ

ಬಾಯಿಮಾತಿನಲ್ಲಿ ಬಿಡಬೇಡಿ. ಎರಡು ಪುಟ ಸಾಕು, ಆದರೆ ಈ ವಿಷಯಗಳು ಅದರಲ್ಲಿ ಇರಲೇಬೇಕು.

ಗರಿಷ್ಠ ಮಿತಿ ಮೀರಿ ಬಂದ ಮಾಲು ಯಾರದ್ದು? ಸಪ್ಲೈಯರದ್ದು, ವಾಪಸ್ ಒಯ್ಯುವ ಖರ್ಚೂ ಅವರದ್ದೇ. ಕನಿಷ್ಠ ಮಿತಿಗೆ ತಕ್ಕಂತೆ ತಂದಿಟ್ಟ ಮಾಲು ಡ್ರಾಯಿಂಗ್ ಬದಲಾಗಿ ಬೇಡವಾದರೆ? ಅದು ನಿಮ್ಮದು, ನೀವೇ ಕೊಳ್ಳಬೇಕು. ಎಣಿಕೆಯಲ್ಲಿ ಕಡಿಮೆ ಬಂದರೆ? ಸ್ಟೋರ್ಸ್ ಬೀಗ ಯಾರ ಕೈಲಿದೆಯೋ ಅವರೇ ಹೊಣೆ. ಈ ಮೂರಕ್ಕೆ ಮೊದಲೇ ಉತ್ತರ ಬರೆದಿದ್ದರೆ ಜಗಳದ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ.

ಕನ್‌ಸೈನ್‌ಮೆಂಟ್ ಸೇರಿಸುವುದಾದರೆ ಇನ್ನೂ ಕೆಲವು ಸೇರುತ್ತವೆ. ಮಾಲು ಬರುವುದು ಡೆಲಿವರಿ ಚಲನ್ ಮೇಲೆ. ಮೌಲ್ಯ 50,000 ರೂಪಾಯಿ ದಾಟಿದರೆ, ಮಾರಾಟ ಆಗಿರದಿದ್ದರೂ, ಇ-ವೇ ಬಿಲ್ ಬೇಕು. ಇಟ್ಟುಕೊಂಡು ಬೇಕಾದರೆ ಕೊಳ್ಳುವ ಷರತ್ತಿನ ಮಾಲಿಗೆ ಜಿಎಸ್‌ಟಿ ನಿಯಮದಂತೆ ಕೊಂಡುಕೊಂಡಾಗ, ಇಲ್ಲವೇ ಮಾಲು ಹೊರಟ 6 ತಿಂಗಳೊಳಗೆ, ಯಾವುದು ಮೊದಲೋ ಆಗ ಇನ್ವಾಯ್ಸ್ ಆಗಬೇಕು. ಮೂರನೆಯವರ ಗೋಡೌನಿನಲ್ಲಿ ಸಪ್ಲೈಯರ್ ತಮ್ಮ ಮಾಲು ಇಡುವುದಾದರೆ ಅವರ ಜಿಎಸ್‌ಟಿ ನೋಂದಣಿಯಲ್ಲಿ ಆ ಜಾಗವೂ ಸೇರಿರಬೇಕು. ಸಹಿ ಮಾಡುವ ಮೊದಲು ಎರಡೂ ಕಡೆಯ ಆಡಿಟರ್ ಈ ಭಾಗ ಓದಲಿ.

ಇನ್ನು ಮೂರು ಮರೆತುಹೋಗುವ ವಿಷಯ. ಬ್ಯಾಂಕಿಗೆ ಪ್ರತಿ ತಿಂಗಳು ಕೊಡುವ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಸಪ್ಲೈಯರ್ ಒಡೆತನದ ಮಾಲನ್ನು ನಿಮ್ಮದೆಂದು ತೋರಿಸಬೇಡಿ, ಅದರ ಮೇಲೆ ಸಾಲ ಎತ್ತಿದಂತಾಗುತ್ತದೆ. ಬೆಂಕಿ ವಿಮೆಯಲ್ಲಿ ಬೇರೆಯವರ ಮಾಲಿಗೂ ರಕ್ಷಣೆ ಇದೆಯೇ ಎಂದು ಪಾಲಿಸಿ ತೆಗೆದು ನೋಡಿ. ರ್ಯಾಕಿನ ಮೇಲೆ "ಈ ಮಾಲು ಇಂಥವರದ್ದು" ಎಂಬ ಬೋರ್ಡ್ ಹಾಕಿ. ನಾಳೆ ಯಾವುದಾದರೂ ವಸೂಲಿ ಬಂದರೆ ಆ ಬೋರ್ಡು ಮತ್ತು ಚಲನ್ ಬಹಳ ಮುಖ್ಯ.

ಹಂತ 7: ಎಂಟು ವಾರ ನಡೆಸಿ ನೋಡಿ

ಮೊದಲ ನಾಲ್ಕು ವಾರ ಸಪ್ಲೈಯರ್ ಏನು ಕಳಿಸಬೇಕೆಂದಿದ್ದಾರೆ ಎಂದು ತಿಳಿಸಲಿ, ನೀವು ಒಪ್ಪಿಗೆ ಕೊಡಿ. ತಿದ್ದಬೇಕಾದರೆ ತಿದ್ದಿ, ಯಾಕೆ ತಿದ್ದಿದಿರಿ ಎಂದೂ ಬರೆಯಿರಿ. ಮುಂದಿನ ನಾಲ್ಕು ವಾರ ಕೈ ಬಿಡಿ. ಈ ಎರಡನೇ ಭಾಗದಲ್ಲಿ ಪರ್ಚೇಸ್‌ನವರು ಗುಟ್ಟಾಗಿ ಬೇರೆ ಕಡೆ ಆರ್ಡರ್ ಹಾಕುವುದುಂಟು. ಎಸ್‌ಪಿ ರೋಡಿನಲ್ಲೋ ಜೆಸಿ ರೋಡಿನಲ್ಲೋ ಎರಡು ಪೈಸೆ ಕಡಿಮೆಗೆ ಸಿಕ್ಕಿತು ಎಂದು ತಂದರೆ ಸಪ್ಲೈಯರ್ ಲೆಕ್ಕವೆಲ್ಲ ಬುಡಮೇಲು. ಅದು ಆಗಬಾರದು.

ಸ್ಟೋರ್ ಕೀಪರ್ ಜೊತೆ ಈ ಹೊತ್ತಿಗೆ ಕೂತು ಮಾತಾಡಿರಬೇಕು. ತನ್ನ ಕೆಲಸ ಹೋಗುತ್ತದೆ ಎಂಬ ಭಯ ಅವರಿಗೆ ಸಹಜ. ಕೆಲಸ ಹೋಗುವುದಿಲ್ಲ, ಬದಲಾಗುತ್ತದೆ. ಆರ್ಡರ್ ಬೆನ್ನು ಹತ್ತುತ್ತಿದ್ದವರು ಈಗ ಲೆಕ್ಕ ಕಾಯುತ್ತಾರೆ. ಇದನ್ನು ಮಾಲೀಕರೇ ಬಾಯಿಬಿಟ್ಟು ಹೇಳಬೇಕು.

ಇವು ಕಂಡರೆ ನಿಲ್ಲಿಸಿ ನೋಡಿ

ತಿಂಗಳ ಕೊನೆಯ ವಾರ ಎಲ್ಲ ಐಟಂಗಳೂ ಗರಿಷ್ಠಕ್ಕೆ ಮುಟ್ಟುತ್ತಿವೆ. ಇದು ನಿಮ್ಮ ಬಳಕೆಯಲ್ಲ, ಸಪ್ಲೈಯರ್ ಸೇಲ್ಸ್‌ನವರ ಟಾರ್ಗೆಟ್. ಮೂರು ತಿಂಗಳ ತಾರೀಖು ಪಕ್ಕಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ.

"ಅರ್ಜೆಂಟ್ ಕಳಿಸಿ" ಎಂಬ ಫೋನ್ ವಾರಕ್ಕೆ ಎರಡಕ್ಕಿಂತ ಜಾಸ್ತಿಯಾಗಿದೆ. ಮಿತಿ ಹಳೆಯದಾಗಿದೆ, ಇಲ್ಲವೇ ಇಶ್ಯೂ ಸ್ಲಿಪ್ ಬರೆಯುತ್ತಿಲ್ಲ. ಮೊದಲು ಸ್ಲಿಪ್ ನೋಡಿ.

ಬೆಂಚಿನ ಕೆಳಗೆ ಮತ್ತೆ ಡಬ್ಬ ಕಾಣಿಸಿಕೊಂಡಿದೆ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮೊದಲು ಬರುವ ಸೂಚನೆ, ಯಾವ ರಿಪೋರ್ಟಿನಲ್ಲೂ ಕಾಣುವುದಿಲ್ಲ. ಆಪರೇಟರ್‌ಗೆ ನಂಬಿಕೆ ಹೋಗಿದೆ ಎಂದರ್ಥ. ವಾರಕ್ಕೊಮ್ಮೆ ಬಗ್ಗಿ ನೋಡಿ.

90 ದಿನದಿಂದ ಅಲುಗದ ಬಿನ್ ಇದೆ. ಥ್ರೆಡ್ ಲಾಕರ್‌ನಂಥ ಅಂಟುಗಳಿಗೆ ಬಳಕೆಯ ಗಡುವಿರುತ್ತದೆ, ಮಳೆಗಾಲದಲ್ಲಿ ಲೇಪನವಿಲ್ಲದ ಬೋಲ್ಟು ತುಕ್ಕು ಹಿಡಿಯುತ್ತದೆ. ಆ ಐಟಂ ಪಟ್ಟಿಯಿಂದ ತೆಗೆಯಿರಿ.

ನೀವೇ ಸಪ್ಲೈಯರ್ ಆಗಿದ್ದರೆ

ದೊಡ್ಡ ಕಂಪನಿ ಕರೆದು "ಇನ್ನು ಮೇಲೆ ವಿಎಂಐ" ಎಂದಾಗ ಕಾಮಾಕ್ಷಿಪಾಳ್ಯದ, ಲಗ್ಗೆರೆಯ ಸಣ್ಣ ಘಟಕದವರು ಖುಷಿಯಲ್ಲಿ ಒಪ್ಪಿಕೊಂಡುಬಿಡುತ್ತಾರೆ. ನಿಲ್ಲಿ. ಅವರು ಕೇಳುತ್ತಿರುವುದು ನಿಮ್ಮ ಯೋಜನೆಯನ್ನೋ, ನಿಮ್ಮ ದುಡ್ಡನ್ನೋ? ಮಾಹಿತಿ ಕೊಡದೆ ಬರೀ ಮಾಲು ತಂದಿಡಿ ಎಂದರೆ ಅದು ವಿಎಂಐ ಅಲ್ಲ. ಅವರ ಸ್ಟಾಕಿನ ಭಾರ ನಿಮ್ಮ ತಲೆ ಮೇಲೆ ಬಂತು, ಅಷ್ಟೇ. ಅಂಥ ಒಪ್ಪಂದಕ್ಕೆ ಸಹಿ ಹಾಕಿ ಓವರ್‌ಡ್ರಾಫ್ಟ್ ಬಡ್ಡಿ ಕಟ್ಟುತ್ತಾ ಕೂತವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ.

ಸಹಿಗೆ ಮೊದಲು ಒಂದು ಲೆಕ್ಕ ಹಾಕಿ. ಗರಿಷ್ಠ ಮಿತಿಯಷ್ಟು ಮಾಲಿನ ಬೆಲೆ, ಅದರ ಮೇಲೆ ಬಿಲ್ ಆದ ನಂತರ ಹಣ ಬರುವವರೆಗಿನ ಬಾಕಿ. ಎರಡೂ ಸೇರಿ ನಿಮ್ಮ ಕೈಯಲ್ಲಿ ಅಷ್ಟು ಬಂಡವಾಳ ಇದೆಯೇ? ಕನ್‌ಸೈನ್‌ಮೆಂಟ್ ಆದರೆ ಒಂದು ಸಾಲು ಸೇರಿಸಿ ಎಂದು ಹಠ ಹಿಡಿಯಿರಿ: ರ್ಯಾಕಿನಲ್ಲಿ 60 ದಿನ ದಾಟಿದ ಮಾಲಿಗೆ, ಬಳಸಿರಲಿ ಬಿಡಲಿ, ಬಿಲ್ ಆಗಬೇಕು. ಈ ಸಾಲು ಇಲ್ಲದಿದ್ದರೆ ನಿಮ್ಮ ಹಣ ಬರುವ ದಿನ ಅವರ ಆಪರೇಟರ್ ಯಾವಾಗ ಬಿನ್‌ಗೆ ಕೈ ಹಾಕುತ್ತಾನೆ ಎಂಬುದರ ಮೇಲೆ ನಿಂತಿರುತ್ತದೆ.

ಸಣ್ಣ ಉದ್ಯಮಗಳಿಗೆಂದೇ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಘಟಕಕ್ಕೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಬರಬೇಕು. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ, ತಯಾರಕರಿಗೆ ಮತ್ತು ಸೇವೆ ಕೊಡುವವರಿಗೆ ಇದೆ. ಕನ್‌ಸೈನ್‌ಮೆಂಟಿನಲ್ಲಿ "ಒಪ್ಪಿಕೊಂಡ ದಿನ" ಯಾವುದು ಎಂಬ ವಾದ ಹುಟ್ಟುತ್ತದೆ. ಅದಕ್ಕೇ ಆ ದಿನವನ್ನು ಒಪ್ಪಂದದಲ್ಲೇ ಬರೆಸಿ. ಬಿಲ್ ಆದ ಮೇಲೂ ಕಾಯಲು ಆಗದಿದ್ದರೆ, ಆರ್‌ಬಿಐ ಅನುಮತಿ ಪಡೆದ ಟ್ರೆಡ್ಸ್ ವೇದಿಕೆಗಳಲ್ಲಿ ಬಿಲ್ ಹಾಕಿ ಮೊದಲೇ ಹಣ ಪಡೆಯುವ ದಾರಿಯಿದೆ. ಖರೀದಿದಾರ ಕಂಪನಿ ಅಲ್ಲಿ ಇದೆಯೇ ಎಂದು ಮೊದಲೇ ಕೇಳಿ.

ಮುಂದಿನ ಐಟಂಗಳನ್ನು ಯಾವಾಗ ಸೇರಿಸಬೇಕು

ಎಂಟು ವಾರದ ಕೊನೆಗೆ ಎರಡೂ ಕಡೆಯವರು ಕೂತು ಮೂರು ಸಂಖ್ಯೆ ನೋಡಿ: ಎಷ್ಟು ಸಲ ಸಾಮಾನು ಇಲ್ಲದೆ ಲೈನ್ ನಿಂತಿತು, ಒಟ್ಟು ಎಷ್ಟು ದಿನದ ಸ್ಟಾಕ್ ಇದೆ, ಎಣಿಕೆಯಲ್ಲಿ ಎಷ್ಟು ತಪ್ಪು ಬಂತು. ಮೂರೂ ಮೊದಲಿಗಿಂತ ಕಡಿಮೆಯಾಗಿದ್ದರೆ ಇನ್ನೊಂದು 30 ಐಟಂ ಸೇರಿಸಿ, ಹಂತ 2ರಿಂದ ಮತ್ತೆ ಶುರು ಮಾಡಿ. ಒಂದು ಮಾತ್ರ ಸುಧಾರಿಸಿದ್ದರೆ ಸೇರಿಸಬೇಡಿ, ಇನ್ನೊಂದು ತಿಂಗಳು ಅಷ್ಟರಲ್ಲೇ ನಡೆಸಿ.

ನಿಲ್ಲಿಸಬೇಕಾಗಿ ಬಂದರೆ 60 ದಿನದ ನೋಟಿಸ್ ಇರಲಿ. ಆ ಅವಧಿಯಲ್ಲಿ ಗರಿಷ್ಠ ಮಿತಿಯನ್ನು ವಾರವಾರ ಇಳಿಸುತ್ತಾ ಬನ್ನಿ, ಕೊನೆಯ ದಿನ ಇಬ್ಬರೂ ಜೊತೆಯಲ್ಲಿ ಎಣಿಸಿ, ಆ ಹಾಳೆಗೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.